ಮಳೆಗಾಲಕ್ಕೆಂದು ತೆಗೆದಿಟ್ಟದ್ದು

ಕಳೆದ ತಿಂಗಳು ಕಡಬದ ಹತ್ತಿರದ ಕೋಡಿಂಬಾಳಕ್ಕೆ ಹೋಗಿದ್ದೆ. ಒಂದು ಜಾಗದ ವಿಷಯ ಮಾತಾಡಲಿಕ್ಕಿತ್ತು. ಅದು ಕುದುರಲಿಲ್ಲ, ಇರಲಿ. ರಿಕ್ಷಾದಲ್ಲಿ ಹಿಂದೆ ಬರುವಾಗ ರಸ್ತೆಯ ಕೆಳಗಿನಿಂದ ರಬ್ಬರ್ ಶೀಟು ಹೊಗೆಗೆ ಹಾಕಿದ ವಾಸನೆ ಬಂತು. ಗೊತ್ತಿಲ್ಲದವರಿಗೆ ಅದನ್ನು ವಿವರಿಸುವುದು ಕಷ್ಟ. ಹುಳಿ ಬಂದ ಹಾಲು, ಹಸಿ ಸೌದೆ, ಬಿಸಿಯಾದ ಚರ್ಮ, ಮೂರನ್ನೂ ಒಂದು ಕೋಣೆಯಲ್ಲಿ ಕೂಡಿಹಾಕಿದ ಹಾಗೆ. ಜೀವಮಾನವಿಡೀ ಆ ವಾಸನೆಯಿಂದಲೇ ಅನ್ನ ತಿಂದವನು ನಾನು. ಆದರೂ ಎದೆ ಅಲ್ಲೇ ಬಿಗಿಯಿತು. ಜೇಬಿನಿಂದ ದಮ್ಮಿನ ಮದ್ದಿನ ನೀಲಿ ಪಂಪು ತೆಗೆದು ಅಲುಗಿಸಿದೆ. ಇದ್ದ ಉಸಿರನ್ನೆಲ್ಲ ಹೊರಗೆ ಬಿಟ್ಟು, ಒಂದು ಸಲ ಒತ್ತಿ, ನಿಧಾನಕ್ಕೆ ಒಳಗೆ ಎಳೆದುಕೊಂಡು, ಸ್ವಲ್ಪ ಹೊತ್ತು ಕಟ್ಟಿ ಹಿಡಿದೆ. ರಿಕ್ಷಾದವ ಕನ್ನಡಿಯಲ್ಲಿ ನೋಡುತ್ತಿದ್ದ. ನೋಡಲಿ. ನಾಲ್ಕು ಜನರ ಎದುರು ಪಂಪು ತೆಗೆಯಲಿಕ್ಕೆ ನಾಚಿಕೆ ಪಡುವವರಿಗೆ ನಾನು ಹೇಳುವುದು ಒಂದೇ: ನಾಚಿಕೆಗೆ ಉಸಿರು ಬೇಡ, ನಿಮಗೆ ಬೇಕು.

"ಆ ಹೊಗೆ ಯಾರ ಮನೇದು?" ಎಂದು ಕೇಳಿದೆ.

"ಲಿಸ್ಸಿಯಕ್ಕನದ್ದು. ನಿಮಗೆ ಗೊತ್ತುಂಟಾ?"

"ನಿಲ್ಲಿಸು ಮಾರಾಯ" ಎಂದೆ.

ಲಿಸ್ಸಿ ಹೊಗೆಮನೆಯ ಬಾಗಿಲಲ್ಲೇ ಇದ್ದಳು. ನಾನು ಮೊದಲು ಕಂಡಾಗ ಇಪ್ಪತ್ತು ದಾಟಿದ ಹುಡುಗಿ. ಈಗ ತಲೆ ಪೂರ್ತಿ ಬೆಳ್ಳಗಾಗಿದೆ. "ಬನ್ನಿ ಅಂಕಲ್" ಎಂದಳು. ಆಮೇಲೆ ಸುಮ್ಮನಾದಳು. ಆಮೇಲೆ "ಕೂತ್ಕೊಳ್ಳಿ" ಎಂದಳು. ಆ ಎರಡು ಮಾತಿನ ನಡುವಿನ ಜಾಗದಲ್ಲಿ ಒಂದು ಸಣ್ಣ ಶಿಳ್ಳೆ ಕೇಳಿತು. ಬಾಗಿಲ ಸಂದಿನಲ್ಲಿ ಗಾಳಿ ಹೋಗುವಾಗ ಬರುತ್ತದಲ್ಲ, ಅಂಥದ್ದು. ಆ ಶಿಳ್ಳೆಯನ್ನು ಇದೇ ಅಂಗಳದಲ್ಲಿ ನಾನು ಮೊದಲೂ ಕೇಳಿದ್ದೆ. ಅದು ಅವಳ ಅಮ್ಮನದ್ದು.

ಇಸವಿ ಎಂಬತ್ತೈದೋ ಎಂಬತ್ತಾರೋ ಇರಬೇಕು. ಕಡಬ ಆಗ ಪುತ್ತೂರು ತಾಲೂಕಿನ ಒಂದು ಮೂಲೆ. ನಾನು ಸುಳ್ಯದ ಕಡೆಯವನು. ಮನೆಯಲ್ಲಿ ಅರೆಭಾಷೆ, ಪೇಟೆಯಲ್ಲಿ ತುಳು, ವ್ಯಾಪಾರಕ್ಕೆ ಬೇಕಾದಷ್ಟು ಮಲಯಾಳ. ಲಾರಿಗೆ ಮೂಟೆ ಹೊರುವುದರಿಂದ ಶುರುಮಾಡಿ, ಒಂದು ತಕ್ಕಡಿ ಸಂಪಾದಿಸಿ, ಕಡಬದಲ್ಲಿ ರಬ್ಬರ್ ಶೀಟು ಖರೀದಿಯ ಸಣ್ಣ ಅಂಗಡಿ ಇಟ್ಟಿದ್ದೆ. ಕೇರಳದಿಂದ ಬಂದು ಗುಡ್ಡ ಕಡಿದು ರಬ್ಬರ್ ಹಾಕಿದ ಕ್ರಿಶ್ಚನ್ನರ ಮನೆಮನೆಗೂ ಹೋಗಿ ಶೀಟು ನೋಡಿ, ದರ ಕುದುರಿಸಿ ತರುವುದು ನನ್ನ ಕೆಲಸ.

ಆ ಕೆಲಸದ ಗುಟ್ಟು ಹೇಳುತ್ತೇನೆ, ಯಾವ ವ್ಯಾಪಾರಕ್ಕೂ ಆಗುತ್ತದೆ. ಶೀಟನ್ನು ಬೆಳಕಿಗೆ ಹಿಡಿದು ನೋಡಬೇಕು. ಒಳಗೆ ಬಿಳಿ ಬಿಳಿ ಕಂಡರೆ ಒಣಗಿಲ್ಲ ಎಂದರ್ಥ. ಗುಳ್ಳೆ ಇದ್ದರೆ, ಬೂಸಲು ಇದ್ದರೆ ಗ್ರೇಡು ಇಳಿಯಿತು. ನೀವು ಶೀಟು ನೋಡುವಾಗ ಕೊಡುವವರು ನಿಮ್ಮ ಮುಖ ನೋಡುತ್ತಾರೆ. ಮುಖದಲ್ಲಿ ಏನೂ ಕಾಣಬಾರದು. ಇನ್ನೊಂದು, ಎದುರಿನವರು ಚೌಕಾಸಿ ಮಾಡಿದರೆ ಸಂತೋಷಪಡಿ. ಅವರಿಗೆ ವ್ಯಾಪಾರ ಬೇಕಾಗಿದೆ. ಹೇಳಿದ ಕೂಡಲೇ "ಆಯ್ತು" ಎಂದು ತಲೆಯಾಡಿಸಿದವರು ತಿರುಗಿ ಬರುವುದಿಲ್ಲ. ಅವರ ಮನಸ್ಸು ಆಗಲೇ ಬೇರೆ ಕಡೆ ಹೋಗಿ ಆಗಿರುತ್ತದೆ.

ನನಗೆ ಸೋಲದ ಒಬ್ಬರೇ ಒಬ್ಬರು ಆ ಊರಲ್ಲಿದ್ದರು. ಲಿಸ್ಸಿಯ ಅಮ್ಮ ಏಲಿಯಮ್ಮ. ಚೇಡ್ತಿ ಎಂದು ನಾವು ಕರೆಯುತ್ತಿದ್ದದ್ದು. ಅವರಲ್ಲಿ ಹಿರಿಯ ಹೆಂಗಸರನ್ನು ಹಾಗೆ ಕರೆಯುವುದು ಕ್ರಮ. ಗಂಡ ಜ್ವರದಲ್ಲಿ ಹೋದ ಮೇಲೆ ತಾಯಿ ಮಗಳು ಇಬ್ಬರೇ ತೋಟ ನೋಡಿಕೊಳ್ಳುತ್ತಿದ್ದರು. ಲಿಸ್ಸಿ ಬೆಳಿಗ್ಗೆ ಟ್ಯಾಪಿಂಗ್ ಮಾಡಿ, ಎಂದರೆ ಮರದ ತೊಗಟೆ ಗೀರಿ, ರಬ್ಬರ್ ಹಾಲು ತರುವಳು. ಶೀಟು ಮಾಡಿ ಹೊಗೆ ಹಾಕುವುದು ಚೇಡ್ತಿಯ ಕೆಲಸ. ಹೊಗೆಮನೆ ಎಂದರೆ ಮಣ್ಣಿನ ಗೋಡೆಯ ಸಣ್ಣ ಗೂಡು, ಒಂದು ಬಾಗಿಲು ಬಿಟ್ಟರೆ ಗಾಳಿಗೆ ದಾರಿ ಇಲ್ಲ. ಅದರ ಒಳಗೆ ಹೋಗಿ, ಬಿದಿರಿನ ಮೇಲೆ ಒಣಹಾಕಿದ ಶೀಟುಗಳನ್ನು ಒಂದೊಂದಾಗಿ ಮಗುಚಿ ಬರುವರು. ಅವರ ಶೀಟು ಜೇನಿನ ಬಣ್ಣಕ್ಕೆ ಬರುತ್ತಿತ್ತು. ಅದನ್ನು ನಾನು ಅವರಿಗೆ ಹೇಳಿದವನಲ್ಲ.

"ಚೇಡ್ತಿ, ಇಲ್ಲಿ ಬಿಳಿ ಉಂಟು. ಒಣಗ್ಲಿಲ್ಲ."

"ಅದು ನಿಮ್ಮ ಕಣ್ಣಲ್ಲಿ ಉಂಟು ಗೌಡ್ರೆ. ಒರೆಸಿ ನೋಡಿ."

"ಈ ಮೂಲೆಯಲ್ಲಿ ಗುಳ್ಳೆ ಎಂತದು?"

"ಗುಳ್ಳೆ ಅಲ್ಲ, ನೀವು ಬೆರಳಿಟ್ಟ ಗುರುತು. ಸುಳ್ಳು ಹೇಳುವಾಗ ಬೆರಳು ಬೆವರ್ತದೆ."

ಹೀಗೆ ಹೇಳಿ ಸುಮ್ಮನಾಗುತ್ತಿದ್ದರು. ಹೆಗಲ ಬಟ್ಟೆ ಸರಿಮಾಡುವುದು, ದೂರದ ಗುಡ್ಡ ನೋಡುವುದು. ಆ ಮೌನಕ್ಕೆ ನನಗೆ ಬಹಳ ಗೌರವ. ಚೌಕಾಸಿಯಲ್ಲಿ ಬಾಯಿ ಮುಚ್ಚಿಕೊಳ್ಳುವುದು ಎಲ್ಲರಿಗೂ ಬರುವುದಿಲ್ಲ. ಎದುರಿನವರಿಗೆ ಇರುಸುಮುರುಸಾಗಿ ಅವರೇ ದರ ಏರಿಸುತ್ತಾರೆ. ನಾನೂ ನಡುನಡುವೆ ಸುಮ್ಮನಾಗುತ್ತಿದ್ದೆ, ಶೀಟನ್ನು ಇನ್ನೊಮ್ಮೆ ಬೆಳಕಿಗೆ ಹಿಡಿದು ಪರೀಕ್ಷೆ ಮಾಡುವವನ ಹಾಗೆ. ನಿಜ ಏನೆಂದರೆ ನನಗೆ ದಮ್ಮು. ಹೊಗೆಮನೆಯ ಎದುರು ನಿಂತು ನಾಲ್ಕು ಮಾತಾಡಿದರೆ ಐದನೆಯದಕ್ಕೆ ಉಸಿರಿರುತ್ತಿರಲಿಲ್ಲ. ವ್ಯಾಪಾರಿಗೆ ದಮ್ಮು ಇದೆ ಎಂದು ಗೊತ್ತಾದರೆ ಎದುರಿನವರು ಮಾತನ್ನು ಎಳೆದು ಎಳೆದು ಸೋಲಿಸುತ್ತಾರೆ. ಅದಕ್ಕೇ ಗೇಟಿನ ಹೊರಗೆ ನೀಲಿ ಪಂಪು ಎಳೆದುಕೊಂಡೇ ಒಳಗೆ ಹೋಗುವುದು ನನ್ನ ಕ್ರಮ.

ಜನವರಿಯ ಒಂದು ಬೆಳಿಗ್ಗೆ. ಮಂಜು ಇಳಿದಿತ್ತು, ಹೊಗೆ ಮೇಲೆ ಹೋಗದೆ ಅಂಗಳದಲ್ಲೇ ಕೂತಿತ್ತು. ದರ ಒಂದು ಕಡೆ ಬಂದು ಕಚ್ಚಿಕೊಂಡಿತು. ಇಬ್ಬರೂ ಸುಮ್ಮನಾದೆವು. ನಾನು ಶೀಟು ನೋಡುತ್ತಿದ್ದೇನೆ, ಅವರು ಗುಡ್ಡ ನೋಡುತ್ತಿದ್ದಾರೆ. ಆ ಮೌನದಲ್ಲಿ ಎರಡು ಶಿಳ್ಳೆ ಕೇಳತೊಡಗಿತು, ಒಂದು ದಪ್ಪ, ಒಂದು ಸಣ್ಣ. ಒಂದು ನನ್ನ ಎದೆಯದ್ದು ಎಂದು ನನಗೆ ಗೊತ್ತು.

ಚೇಡ್ತಿ ಗುಡ್ಡದಿಂದ ಕಣ್ಣು ತೆಗೆಯದೆ ಕೇಳಿದರು, "ಗೌಡ್ರೆ, ಎದೆಯಲ್ಲಿ ಎಂತ, ಹಕ್ಕಿ ಸಾಕಿದ್ದೀರಾ?"

"ಹೌದು. ನಿಮ್ಮದಕ್ಕೆ ಜೊತೆ ಹುಡುಕ್ತಾ ಉಂಟು" ಎಂದೆ.

ಅವರು ನಕ್ಕರು. ನಾನೂ ನಕ್ಕೆ. ದಮ್ಮಿನವರು ನಗಬಾರದು, ಇಬ್ಬರಿಗೂ ಕೆಮ್ಮು ಹಿಡಿದು, ತಕ್ಕಡಿಯ ಆಚೆ ಒಬ್ಬರು ಈಚೆ ಒಬ್ಬರು ಮೊಣಕಾಲಿಗೆ ಕೈಕೊಟ್ಟು ಕೂತೆವು. ನೀರು ತಂದ ಲಿಸ್ಸಿ ಯಾರಿಗೆ ಮೊದಲು ಕೊಡುವುದೆಂದು ತಿಳಿಯದೆ ಲೋಟ ಹಿಡಿದುಕೊಂಡು ನಿಂತಳು. ಅಷ್ಟು ವರ್ಷ ನಾನು ಗೌರವಿಸಿದ ಆ ಮೌನ ಬರೀ ಉಸಿರಿಲ್ಲದ ಮೌನ. ಅವರೂ ನನ್ನದನ್ನು ಹಾಗೆಯೇ ಲೆಕ್ಕ ಹಾಕಿದ್ದರಂತೆ, ಈ ಗೌಡ ಭಾರೀ ಗಟ್ಟಿ ಎಂದು.

ಅಂದು ಅವರೆದುರೇ ಪಂಪು ತೆಗೆದೆ. ಅವರು ಅನುಮಾನದಿಂದ ನೋಡಿದರು. "ಅದು ಕೊನೆಯ ಮದ್ದಲ್ವಾ? ಒಮ್ಮೆ ಹಿಡಿದವರು ಮತ್ತೆ ಬಿಡುದಿಲ್ಲ ಅಂತಾರೆ."

"ಅನ್ನ ಹಿಡಿದವರು ಬಿಡ್ತಾರಾ?"

"ನನಗೆ ಮಾತ್ರೆ ಉಂಟು."

"ಮಾತ್ರೆ ತಿಂದು ಕೈ ಹೇಗೆ ನಡುಗ್ತದೆ ನೋಡಿ. ಹೋದ ಸಲ ತೂಕ ಮಾಡುವಾಗ ಕಂಡಿದ್ದೇನೆ. ಆಗ ನಾನು ತಿಳಿದದ್ದು ತೂಕದ ಕಲ್ಲು ಕದೀಲಿಕ್ಕೆ ನೋಡ್ತಿದ್ದೀರಿ ಅಂತ."

ಆ ವಾರವೇ ಅವರನ್ನು ಪುತ್ತೂರಿಗೆ, ನಾನು ಹೋಗುತ್ತಿದ್ದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿಗೆ ನಮ್ಮಿಬ್ಬರಿಗೂ ಜಗಳ. ದಮ್ಮು ಹೆಚ್ಚಿದ್ದವರಿಗೆ ಸಿಗಬೇಕು ಎಂದು ಅವರು, ಟಿಕೇಟು ತೆಗೆದವನಿಗೆ ಎಂದು ನಾನು. ಅವರೇ ಗೆದ್ದರು.

ಡಾಕ್ಟರು ಎದೆ ನೋಡಿ ಎರಡು ಪಂಪು ಬರೆದರು. ನೀಲಿಯದ್ದು ಉಸಿರು ಕಟ್ಟಿದಾಗ. ಒಳಗೆ ಬಿಗಿದದ್ದನ್ನು ಕೂಡಲೇ ಸಡಿಲ ಮಾಡುತ್ತದೆ. ಕಂದು ಬಣ್ಣದ್ದು ಹಾಗಲ್ಲ. ಅದು ಎದೆಯೊಳಗಿನ ಊತವನ್ನು ದಿನದಿಂದ ದಿನಕ್ಕೆ ಇಳಿಸುವಂಥದ್ದು. ಎಳೆದರೆ ಆಗಿಂದಾಗ ಏನೂ ಗೊತ್ತಾಗುವುದಿಲ್ಲ. ಬೆಳಿಗ್ಗೆ, ಸಂಜೆ, ದಮ್ಮು ಇರಲಿ ಇಲ್ಲದಿರಲಿ ಎಳೆಯಬೇಕು. ಆಮೇಲೆ ಬಾಯಿ ಮುಕ್ಕಳಿಸಿ ಉಗಿಯಬೇಕು. ಇಷ್ಟನ್ನೂ ತಾಳ್ಮೆಯಿಂದ ಹೇಳಿದರು. ಚೇಡ್ತಿ ನಂಬದವರ ಹಾಗೆ ಕೂತದ್ದು ಕಂಡು ಒಂದು ಹೋಲಿಕೆಯನ್ನೂ ಕೊಟ್ಟರು. ಡಾಕ್ಟರಿಗೂ ಸ್ವಲ್ಪ ಅಡಿಕೆ ತೋಟ ಇತ್ತು. ಅಡಿಕೆ ಗೊನೆಗೆ ಮದ್ದು ಸಿಂಪಡಿಸುವುದಕ್ಕೆ ನಮ್ಮಲ್ಲಿ ಮದ್ದು ಬಿಡುವುದು ಎನ್ನುತ್ತಾರೆ.

"ಕೊಳೆರೋಗ ಬಂದ ಮೇಲೆ ಅಡಿಕೆಗೆ ಮೈಲುತುತ್ತಿನ ಮದ್ದು ಬಿಟ್ಟರೆ ಕಾಯಿ ಉಳೀತದಾ?"

"ಇಲ್ಲ. ಮೊದಲೇ ಬಿಡ್ಬೇಕು."

"ಹಾಂ. ಇದು ಹಾಗೆ. ರೋಗ ಬರುವ ಮೊದಲು ಬಿಡುವ ಮದ್ದು."

ಚೇಡ್ತಿಯ ಮುಖ ಅರಳಿತು. ಬಸ್ಸಿನಲ್ಲಿ "ಈ ಡಾಕ್ಟ್ರು ಕೃಷಿ ಗೊತ್ತಿದ್ದವರು" ಎಂದು ದಾರಿಯುದ್ದಕ್ಕೂ ಹೊಗಳಿದರು. ನನಗೂ ಅದು ಬಹಳ ಚಂದದ ಮಾತೆಂದೇ ಕಂಡಿತು. ನಮ್ಮ ಕಡೆಯವರಿಗೆ ಇದಕ್ಕಿಂತ ಸಲೀಸಾಗಿ ಹೇಳುವುದು ಹೇಗೆ?

ಫೆಬ್ರವರಿ ಮುಗಿಯುವುದರೊಳಗೆ ಅವರು ಬೇರೆಯೇ ಮನುಷ್ಯರಾದರು. ಆದಿತ್ಯವಾರ ಪೂಜೆಗೆ ಹೋಗುವಾಗ ಇಗರ್ಜಿಯ ಏರನ್ನು ಎಲ್ಲೂ ನಿಲ್ಲದೆ ಹತ್ತಿದರಂತೆ. ಹಿಂದಿನಿಂದ ಬರುತ್ತಿದ್ದ ಹೆಂಗಸರು "ಚೇಡ್ತಿಗೆ ಎಂತಾಯ್ತು" ಎಂದು ಗಾಬರಿಪಟ್ಟರಂತೆ. ಚೌಕಾಸಿಯಲ್ಲಿ ಅವರ ವಾಕ್ಯಗಳು ಉದ್ದವಾದವು. ಮೊದಲು ಒಂದು ಏಟಿಗೆ ಮುಗಿಸುತ್ತಿದ್ದವರು ಈಗ ನನ್ನ ತಕ್ಕಡಿ, ನನ್ನ ಅಂಗಡಿ, ನನ್ನ ಚಪ್ಪಲಿ ಎಲ್ಲವನ್ನೂ ಸುತ್ತಿ ಬಂದು ದರಕ್ಕೆ ಮುಟ್ಟುತ್ತಿದ್ದರು. "ನಿಮಗೆ ಮದ್ದು ಕೊಡಿಸಿದ್ದು ನನಗೇ ನಷ್ಟ" ಎಂದೆ. "ಹಾಗಾದ್ರೆ ನಿಮ್ಮದನ್ನು ಸರಿಯಾಗಿ ಎಳೀರಿ" ಎಂದರು. ಆ ಎರಡು ತಿಂಗಳು ನನಗೂ ಚೆನ್ನಾಗಿತ್ತು. ಉಸಿರಿದ್ದ ಇಬ್ಬರು ಮಾಡುವ ವ್ಯಾಪಾರದ ಸುಖವೇ ಬೇರೆ.

ಆಗ ಕಂದು ಪಂಪು ಕಡಬದಲ್ಲಿ ಸಿಗುತ್ತಿರಲಿಲ್ಲ. ಪುತ್ತೂರಿನಲ್ಲೂ ಒಂದು ಸಲ ಉಂಟು, ಒಂದು ಸಲ ಇಲ್ಲ. ಏಪ್ರಿಲಿನಲ್ಲಿ ನನ್ನದು ತರಲಿಕ್ಕೆ ಹೋದವನು ಇದ್ದದ್ದರಲ್ಲಿ ಅವರಿಗೂ ಒಂದು ಹೊಸತು ತಂದೆ. ಕೊಡಲಿಕ್ಕೆ ಹೋದಾಗ ತಾಯಿ ಮಗಳು ಮಳೆಗಾಲದ ತಯಾರಿಯಲ್ಲಿದ್ದರು. ಬೇಯಿಸಿದ ಮರಗೆಣಸು ಚಾಪೆಯ ಮೇಲೆ ಒಣಗುತ್ತಿತ್ತು. ಸೌದೆ ಮಾಡಿನ ಕೆಳಗೆ ಸೇರಿತ್ತು. ಒಣಮೀನು, ಹಪ್ಪಳ, ಉಪ್ಪಿನಲ್ಲಿ ಹಾಕಿದ ಹಲಸಿನ ಸೊಳೆ ಎಲ್ಲ ಡಬ್ಬಿ ಭರಣಿಗಳಲ್ಲಿ ತುಂಬಿ ಅಟ್ಟಕ್ಕೆ ಏರಲಿಕ್ಕೆ ಸಾಲಾಗಿ ನಿಂತಿದ್ದವು. ನಮ್ಮ ಊರುಗಳಲ್ಲಿ ಇದು ಬುದ್ಧಿವಂತರ ಲಕ್ಷಣ. ಹೊಳೆ ತುಂಬಿ ಸೇತುವೆ ಮುಳುಗಿದರೆ ಪೇಟೆ ಇದ್ದೂ ಇಲ್ಲದ ಹಾಗೆ. ಮೊದಲೇ ತೆಗೆದಿಡದವನು ಉಪ್ಪಿಗೂ ಬೇರೆಯವರ ಬಾಗಿಲು ತಟ್ಟಬೇಕು.

ನಾನು ಕೊಟ್ಟ ಪಂಪನ್ನು ಚೇಡ್ತಿ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿ, ಬಾಯಿಗೆ ದಾರ ಕಟ್ಟಿ, ಮರಗೆಣಸಿನ ಡಬ್ಬಿಯೊಳಗೆ ಇಟ್ಟರು. ಅಲ್ಲಿ ಅಂಥದ್ದೇ ಇನ್ನೊಂದು ಕಟ್ಟು ಆಗಲೇ ಇತ್ತು.

"ಅದೆಂತದು?" ಎಂದೆ.

"ಹಳೆಯದ್ದು. ಅರ್ಧ ಉಂಟು."

"ಎಳೀತಾ ಇಲ್ವಾ ನೀವು?"

"ಈಗೆಂತಕ್ಕೆ? ಮಳೆಗಾಲಕ್ಕೆ ತೆಗೆದಿಟ್ಟಿದ್ದೇನೆ."

ನಾನು ಚಾಪೆಯ ತುದಿಯಲ್ಲಿ ಕೂತುಬಿಟ್ಟೆ. "ಚೇಡ್ತಿ, ಡಾಕ್ಟ್ರು ದಿನಾ ಎಳೀಲಿಕ್ಕೆ ಹೇಳಿದ್ದಲ್ವಾ?"

"ಡಾಕ್ಟ್ರು ಎಂತ ಹೇಳಿದ್ದು? ಅಡಿಕೆಗೆ ಬಿಡುವ ಮದ್ದಿನ ಹಾಗೆ ಅಂತ ಅಲ್ವಾ? ಬೇಸಗೆಯಲ್ಲಿ ಅಡಿಕೆಗೆ ಮದ್ದು ಬಿಡುವವನನ್ನು ಒಬ್ಬನನ್ನು ತೋರಿಸಿ ಮಾರಾಯ್ರೆ. ಮಳೆ ಹಿಡಿಯುವಾಗ ಬಿಡುದು. ಅದಕ್ಕೆ ಮೊದಲು ಬಿಟ್ಟರೆ ಮದ್ದೂ ದಂಡ, ಕೂಲಿಯೂ ದಂಡ."

"ನಿಮ್ಮ ಎದೆ ಅಡಿಕೆ ಗೊನೆಯಾ?"

"ನನಗೆ ಈಗ ದಮ್ಮು ಉಂಟಾ? ಕಿವಿಯಿಟ್ಟು ಕೇಳಿ."

ಕೇಳಿದೆ. ಶಿಳ್ಳೆ ಇರಲಿಲ್ಲ. ಒಂದು ಚೂರೂ ಇರಲಿಲ್ಲ.

"ಅದು ಎಳೆದದ್ದಕ್ಕೆ ಇಲ್ಲದ್ದು" ಎಂದೆ. "ನಿಲ್ಲಿಸಿದ್ರೆ ಒಳಗೆ ಊತ ಪುನಃ ಏರ್ತದೆ. ನಿಮಗೆ ಗೊತ್ತಾಗುದಿಲ್ಲ. ಗೊತ್ತಾಗುವಾಗ ತಡ ಆಗಿರ್ತದೆ."

"ಇದ್ದದ್ದೆಲ್ಲ ಈಗ ಎಳೆದು, ಸೇತುವೆ ಮುಳುಗಿದ ಮೇಲೆ ನೀವು ಈಜಿಕೊಂಡು ಹೋಗಿ ತರ್ತೀರಾ?"

ಅವರ ಲೆಕ್ಕದಲ್ಲಿ ತಪ್ಪು ಹುಡುಕುವುದು ಕಷ್ಟ. ಅವರು ಜೀವಮಾನವಿಡೀ ಬದುಕಿದ್ದೇ ಆ ಲೆಕ್ಕದಿಂದ. ಕೊನೆಗೆ ನಾನು ದರ ಇಳಿಸಿದೆ. "ಆಯ್ತು, ಸಂಜೆಯದ್ದು ಬಿಡಿ. ಬೆಳಿಗ್ಗೆ ಮಾತ್ರ ಎಳೀರಿ."

"ಆದಿತ್ಯವಾರ ಮಾತ್ರ" ಎಂದರು.

"ದಿನ ಬಿಟ್ಟು ದಿನ."

"ಆದಿತ್ಯವಾರ. ಇಗರ್ಜಿಗೆ ಹೋಗುವ ಮೊದಲು. ಏರು ಉಂಟಲ್ಲ."

ವ್ಯಾಪಾರ ಮುರಿಯುವ ಹಂತಕ್ಕೆ ಬಂದಾಗ ಎದ್ದು ನಿಧಾನಕ್ಕೆ ನಡೆಯುವುದು ನಮ್ಮಲ್ಲಿ ಪದ್ಧತಿ. ಬೇಕಾದವರು ಹಿಂದಿನಿಂದ ಕರೆಯುತ್ತಾರೆ. ಚೇಡ್ತಿ ನನ್ನನ್ನು ಎಷ್ಟೋ ಸಲ ಹಾಗೆ ಕರೆದಿದ್ದರು, ನಾನೂ ಅವರನ್ನು ಅಂಗಡಿಯ ಮೆಟ್ಟಿಲಿನಿಂದ ಕರೆದಿದ್ದೆ. ಆ ದಿನ ಎದ್ದು ಗೇಟಿನ ತನಕ ನಡೆದೆ. ಗೇಟಿನ ಕೊಂಡಿ ಸಿಕ್ಕಿಕೊಂಡವನ ಹಾಗೆ ಸ್ವಲ್ಪ ನಿಂತೆ. ಅವರು ಕರೆಯಲಿಲ್ಲ. ತಿರುಗಿ ನೋಡಿದರೆ ಬಗ್ಗಿ ಮರಗೆಣಸು ಮಗುಚುತ್ತಿದ್ದರು, ಸುಲಭವಾಗಿ ಉಸಿರಾಡುತ್ತ.

ನಾನು ಸುಮ್ಮನಿರಲಿಲ್ಲ. ಮುಂದಿನ ಸಲ ಪುತ್ತೂರಿಗೆ ಹೋದಾಗ ಡಾಕ್ಟರಿಗೆ ವಿಷಯ ಹೇಳಿದೆ. ಅವರು ತಲೆಗೆ ಕೈ ಕೊಟ್ಟು, "ಒಮ್ಮೆ ಕರ್ಕೊಂಡು ಬನ್ನಿ, ಬೇರೆ ರೀತಿ ಹೇಳ್ತೇನೆ" ಎಂದರು. ಚೇಡ್ತಿ ಬರಲಿಲ್ಲ. ಮಳೆಗೆ ಮೊದಲು ಇದ್ದ ಹಾಲೆಲ್ಲ ಶೀಟಾಗಬೇಕು, ಹೊಗೆಮನೆ ಬಿಟ್ಟು ಬರಲಿಕ್ಕೆ ಪುರಸೊತ್ತಿಲ್ಲ. ಮೇ ತಿಂಗಳಲ್ಲಿ ಶೀಟು ತೂಗುವಾಗ ಅವರ ಮಾತು ಸ್ವಲ್ಪ ಗಿಡ್ಡ ಆದದ್ದು ಗಮನಿಸಿದೆ. ಪುನಃ ಗುಡ್ಡ ನೋಡತೊಡಗಿದ್ದರು.

"ಚೇಡ್ತಿ, ಹಕ್ಕಿ ತಿರುಗಿ ಬಂದಿದೆ."

"ಮೋಡ ಅಲ್ವಾ. ಮಳೆ ಬೀಳ್ಲಿ, ತೆಗೀತೇನೆ."

ಮಾತಿಗೆ ತಪ್ಪುವವರಲ್ಲ. ಜೂನಿನ ಮೊದಲ ಮಳೆಯ ದಿನ ಅಟ್ಟ ಹತ್ತಿ ಅರ್ಧ ಇದ್ದ ಕಂದು ಪಂಪು ತೆಗೆದರು; ಹೊಸತನ್ನು ಮಳೆ ಜೋರಾಗುವ ಆಟಿ ತಿಂಗಳಿಗೆಂದು ಅಲ್ಲೇ ಬಿಟ್ಟರು. ಅಡಿಕೆಯವರು ಮದ್ದು ಬಿಟ್ಟ ದಿನವೇ ತಾನೂ ಬಿಟ್ಟೆ ಎಂದು ನನಗೆ ಹೇಳಿ ಕಳಿಸಿದ್ದರು. ಆದರೆ ಆ ಹೊತ್ತಿಗೆ ಎದೆ ಒಳಗಿನಿಂದ ಊದಿಕೊಂಡಾಗಿತ್ತು. ಮೇಲಿನಿಂದ ಮಳೆ ಹಿಡಿಯಿತು. ಉಳಿದ ಶೀಟಿಗೆ ಬೂಸಲು ಬರಬಾರದೆಂದು ಹೊಗೆ ಇನ್ನೂ ಜಾಸ್ತಿ ಬೇಕು. ಸೌದೆಗೆ ಎರಚಲು ಬಡಿದು ಉರಿಯುವುದಕ್ಕಿಂತ ಹೊಗೆಯುವುದೇ ಹೆಚ್ಚು. ಚೇಡ್ತಿ ಒಳಗೆ ಹೋಗಿ ಶೀಟು ಮಗುಚಿ, ಹೊರಗೆ ಬಂದು ನೀಲಿ ಎಳೆದು, ಪುನಃ ಒಳಗೆ ಹೋಗುವರು. "ಲಿಸ್ಸಿ ಮಗುಚಲಿ" ಎಂದರೆ, "ಅವಳಿಗೆ ಬಣ್ಣ ಗೊತ್ತಾಗುದಿಲ್ಲ" ಎನ್ನುವರು. ನೀಲಿಯನ್ನು ಹಾಗೆ ಪದೇ ಪದೇ ಎಳೆಯಬೇಕಾಗಿ ಬಂದರೆ ಅದು ಒಳಗೆ ಬೆಂಕಿ ಹಿಡಿದ ಸೂಚನೆ. ಕೂಡಲೇ ಡಾಕ್ಟರಲ್ಲಿಗೆ ಓಡಬೇಕು. ಇದನ್ನು ಯಾರಾದರೂ ದಮ್ಮಿನವರು ಓದುತ್ತಿದ್ದರೆ ಬೇರೆಲ್ಲ ಮರೆತರೂ ಇಷ್ಟನ್ನು ನೆನಪಿಡಿ.

ಆಟಿ ಹಿಡಿಯುವ ಮೊದಲೇ, ಮಳೆ ಹಗಲು ರಾತ್ರಿ ಬಿಡದೆ ಹೊಯ್ಯುತ್ತಿದ್ದ ದಿನಗಳಲ್ಲಿ ಒಂದು ಬೆಳಿಗ್ಗೆ, ನಾನು ಅಂಗಡಿಯ ಹಲಗೆ ತೆಗೆಯುತ್ತಿರುವಾಗ ಲಿಸ್ಸಿ ಓಡಿ ಬಂದಳು. ಕೊಡೆ ಇರಲಿಲ್ಲ.

"ಅಮ್ಮನಿಗೆ ಆಗುದಿಲ್ಲ. ನೀಲಿ ಮುಗಿದಿದೆ. ನೀರಿಗೆ ಹಾಕಿ ನೋಡಿದೆ, ಅಡ್ಡ ತೇಲ್ತದೆ."

ಒಳಗಿನ ಡಬ್ಬಿಯನ್ನು ನೀರಿಗೆ ಹಾಕಿದರೆ ತುಂಬಿದ್ದು ಮುಳುಗುತ್ತದೆ, ಖಾಲಿ ಅಡ್ಡ ತೇಲುತ್ತದೆ. ಆಗ ನಾವು ಹಾಗೆಯೇ ನೋಡುತ್ತಿದ್ದದ್ದು. ಎದುರಿನ ಜೀಪಿನವನನ್ನು ಕರೆದುಕೊಂಡು ಹೊರಟೆ.

ಚೇಡ್ತಿ ಜಗಲಿಯ ಬೆಂಚಿನಲ್ಲಿ ಮುಂದಕ್ಕೆ ಬಗ್ಗಿ, ಮೊಣಕಾಲಿಗೆ ಕೈಯೂರಿ ಕೂತಿದ್ದರು. ಪ್ರತಿ ಉಸಿರಿಗೂ ಹೆಗಲು ಕಿವಿಯ ತನಕ ಏರುತ್ತಿತ್ತು. ಮುಷ್ಟಿಯಲ್ಲಿ ಕಂದು ಪಂಪು. ಬೆಳಕು ಹರಿಯುವ ಮೊದಲಿನಿಂದ ಅದನ್ನು ಒತ್ತುತ್ತಲೇ ಇದ್ದರಂತೆ. ಇಷ್ಟು ದಿನ ಕಾಪಾಡಿ ಇಟ್ಟದ್ದು ಈಗ ಕೆಲಸಕ್ಕೆ ಬರಬೇಕಲ್ಲ ಎಂದು.

"ಇದು... ಹಳೆ ಮಾಲು" ಎಂದರು. ಮತ್ತೆ ಎರಡು ಉಸಿರು ತೆಗೆದುಕೊಂಡು, "ನಿಮಗೆ... ಟೋಪಿ ಹಾಕಿದ್ದಾನೆ... ಅಂಗಡಿಯವ."

"ಮಾತಾಡ್ಬೇಡಿ" ಎಂದು ನನ್ನ ನೀಲಿಯನ್ನು ಅವರ ಬಾಯಿಗೆ ಹಿಡಿದೆ. ಒತ್ತಿದೆ. ಎಳೆಯಲಿಕ್ಕೆ ಅವರಲ್ಲಿ ಬಲ ಇರಲಿಲ್ಲ. ಅರ್ಧ ಮದ್ದು ಹೊರಗೇ ಹೋಯಿತು. ಪುನಃ ಒತ್ತಿದೆ, ಪುನಃ ಒತ್ತಿದೆ. ಸ್ವಲ್ಪ ಸಡಿಲವಾಯಿತು. ಕಣ್ಣು ತೆರೆದು ನೀಲಿ ಪಂಪನ್ನು ತೋರಿಸಿ, "ಇದು... ಒಳ್ಳೆ ಗ್ರೇಡು" ಎಂದರು.

ಕಡಬದ ಡಾಕ್ಟರು ತಮ್ಮಲ್ಲಿದ್ದ ಇಂಜೆಕ್ಷನ್ ಕೊಟ್ಟು, ಇಲ್ಲಿ ಆಕ್ಸಿಜನ್ ಇಲ್ಲ, ತಡಮಾಡದೆ ಪುತ್ತೂರಿಗೆ ಕೊಂಡುಹೋಗಿ ಎಂದರು. ಪುತ್ತೂರಿಗೆ ಇದ್ದದ್ದು ಎರಡು ದಾರಿ. ಪಂಜದ ದಾರಿಯಲ್ಲಿ ಮರ ಬಿದ್ದಿತ್ತು. ಉಳಿದದ್ದು ಹೊಸಮಠದ ಮುಳುಗುಸೇತುವೆ. ಹೋಗಿ ನೋಡಿದರೆ ಸೇತುವೆ ಎಲ್ಲಿದೆಯೆಂದೇ ಗೊತ್ತಾಗುತ್ತಿರಲಿಲ್ಲ. ಕೆಂಪು ನೀರು, ಅದರಲ್ಲಿ ಉರುಳುವ ಮರದ ದಿಮ್ಮಿ, ಆಚೆ ದಡದಲ್ಲಿ ನಿಂತ ಬಸ್ಸು. ಈಚೆ ಲಾರಿಯವರು ಒಂದು ಅಂಗಡಿಯ ಜಗಲಿಯಲ್ಲಿ ಕೂತು ಬೀಡಿ ಸೇದುತ್ತಿದ್ದರು. "ಮಧ್ಯಾಹ್ನಕ್ಕೆ ಇಳೀಬಹುದು" ಎಂದ ಒಬ್ಬ. "ಮೇಲೆ ಘಟ್ಟದಲ್ಲಿ ಮಳೆ ಬಿಡ್ಲಿಲ್ಲವಂತೆ" ಎಂದ ಇನ್ನೊಬ್ಬ.

ಕಾದೆವು. ಬೇರೆ ಮಾಡಲಿಕ್ಕೆ ಏನೂ ಇರಲಿಲ್ಲ. ಜೀಪಿನ ಹಿಂದಿನ ಸೀಟಿನಲ್ಲಿ ಚೇಡ್ತಿ ಮಗಳ ಹೆಗಲಿಗೆ ಒರಗಿದ್ದರು. ನಾನು ಎದುರು ಕೂತು ನಡುನಡುವೆ ಪಂಪು ಹಿಡಿಯುತ್ತಿದ್ದೆ. ಜೀಪಿನ ಟರ್ಪಾಲಿನ ಮೇಲೆ ಮಳೆ, ಅದರ ಕೆಳಗೆ ಆ ಶಿಳ್ಳೆ. ಹೊತ್ತು ಹೋದ ಹಾಗೆ ಶಿಳ್ಳೆ ಸಣ್ಣದಾಯಿತು. ಆಮೇಲೆ ನಿಂತಿತು.

ಲಿಸ್ಸಿಯ ಮುಖ ಬೆಳಗಿತು. "ಶಬ್ದ ನಿಂತಿತು ಅಂಕಲ್. ಕಮ್ಮಿ ಆಯ್ತು ಅಲ್ವಾ?"

ಶಿಳ್ಳೆ ಬರಲಿಕ್ಕೂ ಒಂದಿಷ್ಟು ಗಾಳಿ ಓಡಾಡಬೇಕು. ಡಾಕ್ಟರು ನನಗೆ ಅದನ್ನು ಒಮ್ಮೆ ಹೇಳಿದ್ದರು. ನರಳುವವನ ಶಿಳ್ಳೆ ತಟಕ್ಕನೆ ನಿಂತು, ಉಗುರು ತುಟಿ ನೀಲಿಯಾದರೆ ಗುಣವಾಯಿತೆಂದು ತಿಳಿಯಬೇಡಿ ಎಂದು. ನಾನು ಚೇಡ್ತಿಯ ಉಗುರು ನೋಡಿದೆ. ತಲೆ ಎತ್ತಿದಾಗ ಚೇಡ್ತಿ ನನ್ನನ್ನೇ ನೋಡುತ್ತಿದ್ದರು. ಶೀಟನ್ನು ಬೆಳಕಿಗೆ ಹಿಡಿದಾಗ ನೋಡುತ್ತಿದ್ದರಲ್ಲ, ಈ ಗೌಡ ಯಾವ ದರ ಹೇಳುತ್ತಾನೆಂದು, ಅದೇ ನೋಟ. ಅಷ್ಟು ವರ್ಷದಲ್ಲಿ ಒಮ್ಮೆಯೂ ನನ್ನ ಮುಖ ಏನನ್ನೂ ಹೇಳಿರಲಿಲ್ಲ.

"ನೀರು ಇಳೀತಾ ಉಂಟು ಚೇಡ್ತಿ" ಎಂದೆ. "ದಾಟಿದ ಕೂಡಲೇ ಸರಿಯಾಗ್ತದೆ. ಆದರೆ ಇನ್ನು ಮುಂದೆ ಕಂದು ದಿನಾ ಎಳೀಬೇಕು. ಬೆಳಿಗ್ಗೆಯೂ ಸಂಜೆಯೂ. ಬೇಸಗೆಯಲ್ಲಿಯೂ."

ಆದಿತ್ಯವಾರ ಮಾತ್ರ ಎನ್ನುತ್ತಾರೆಂದು ಕಾದೆ. ಅನ್ನಲಿ ಎಂದು ಆಸೆಪಟ್ಟೆ. ಅವರು ನನ್ನ ಮುಖವನ್ನು ಇನ್ನೂ ಸ್ವಲ್ಪ ನೋಡಿದರು. ಆಮೇಲೆ ತುಟಿ ಅಲುಗಿತು.

"ಆಯ್ತು" ಎಂದರು.

ಸೇತುವೆಯ ಕಂಬಗಳ ತಲೆ ಕಾಣತೊಡಗುವ ಹೊತ್ತಿಗೆ ನಮಗೆ ಆಚೆ ಹೋಗುವ ಕೆಲಸ ಇರಲಿಲ್ಲ. ಜೀಪು ತಿರುಗಿಸಿದೆವು.

ಮಣ್ಣಿಗೆ ಹಾಕುವ ದಿನವೂ ಮಳೆ ಬಿಡಲಿಲ್ಲ. ಅದರ ನಂತರ ಲಿಸ್ಸಿ ಅಂಗಡಿಗೆ ಬಂದು ಪ್ಲಾಸ್ಟಿಕ್ ತೊಟ್ಟೆಯ ಒಂದು ಕಟ್ಟನ್ನು ಕೊಟ್ಟಳು. ದಾರದ ಗಂಟು ಬಿಚ್ಚಿರಲಿಲ್ಲ. "ಮರಗೆಣಸಿನ ಡಬ್ಬಿಯಲ್ಲಿತ್ತು. ನಿಮಗಾದರೂ ಆಗ್ತದಲ್ಲ" ಎಂದಳು. ಬಿಸಾಡಲಿಕ್ಕೆ ಮನಸ್ಸು ಬರಲಿಲ್ಲ. ತಾರೀಕು ನೋಡಿದೆ, ಇನ್ನೂ ಇತ್ತು. ಅದನ್ನು ನಾನೇ ಬೆಳಿಗ್ಗೆ ಸಂಜೆ ಎಳೆದು ಮುಗಿಸಿದೆ. 

ಇಷ್ಟೂ ಕಳೆದ ತಿಂಗಳು ಲಿಸ್ಸಿಯ ಜಗಲಿಯಲ್ಲಿ ಕೂತು ನೆನಪಾದದ್ದು. ಬೆಂಚು ಅದೇ. ಅವಳು ಚಹಾ ತಂದಳು. ಲೋಟ ಇಡುವಷ್ಟರಲ್ಲಿ ಎರಡು ಸಲ ನಿಂತು ಉಸಿರು ತೆಗೆದಳು.

"ಯಾವುದು ಎಳೀತೀ?" ಎಂದು ಕೇಳಿದೆ.

"ನೀಲಿ ಉಂಟು ಅಂಕಲ್."

"ಕಂದು?"

"ಡಾಕ್ಟ್ರು ಕೊಟ್ಟಿದ್ದಾರೆ."

"ಎಲ್ಲಿ, ತೋರಿಸು."

ಫ್ರಿಜ್ಜಿನ ಬಾಗಿಲಲ್ಲಿ, ಮೊಟ್ಟೆಗಳ ಪಕ್ಕ ಇತ್ತು. ಪೆಟ್ಟಿಗೆಯ ಅಂಟು ಸಹ ಬಿಡಿಸಿರಲಿಲ್ಲ. ತಂದು ಚಹಾ ಲೋಟದ ಹತ್ತಿರ ಇಟ್ಟಳು.

"ಕೊನೆಗೆ ಅಮ್ಮನ ಕೈಯಲ್ಲಿ ಇದ್ದದ್ದು ಇದೇ ಅಲ್ವಾ ಅಂಕಲ್" ಎಂದಳು. "ಎಷ್ಟು ಒತ್ತಿದ್ರು. ನಾನು ಹತ್ತಿರವೇ ಇದ್ದೆ. ಎಂತ ಉಪಯೋಗ ಆಯ್ತು? ಉಸಿರು ಕೊಟ್ಟದ್ದು ನಿಮ್ಮ ನೀಲಿ."

ನಾನು ನನಗೆ ಬರುವ ವಿದ್ಯೆಯನ್ನೆಲ್ಲ ಖರ್ಚು ಮಾಡಿದೆ. ಅಡಿಕೆಯ ಮದ್ದಿನ ಹೆಸರೆತ್ತಲಿಲ್ಲ. ಅಮ್ಮ ತಡವಾಗಿ ಎಳೆದದ್ದು, ಅದು ಆ ಹೊತ್ತಿನ ಮದ್ದೇ ಅಲ್ಲ ಎಂದೆ. ಫೆಬ್ರವರಿಯಲ್ಲಿ ಅಮ್ಮ ಇಗರ್ಜಿಯ ಏರು ಹತ್ತಿದ್ದು ನೆನಪುಂಟಾ ಎಂದೆ. ನನ್ನನ್ನು ನೋಡು, ಈ ವಯಸ್ಸಲ್ಲಿ ಜಾಗದ ವ್ಯಾಪಾರಕ್ಕೆ ಊರೂರು ತಿರುಗುತ್ತೇನೆ, ಎರಡೂ ಎಳೆಯುವುದರಿಂದ ಎಂದೆ. ಹೇಳಿ ಹೇಳಿ ನನಗೇ ಉಸಿರು ಸಾಲದೆ ನಿಲ್ಲಿಸಿದೆ. ಅವಳು ತಾಯಿಯ ಹಾಗೆ ಗುಡ್ಡ ನೋಡುತ್ತ ಕೇಳಿದಳು. ಒಂದು ತಿರುಗು ಮಾತು ಆಡಲಿಲ್ಲ. ಆದಿತ್ಯವಾರ ಮಾತ್ರ ಎಂದು ಸಹ ಅನ್ನಲಿಲ್ಲ.

"ಆಯ್ತು ಅಂಕಲ್. ನಾಳೆಯಿಂದ ಎಳೀತೇನೆ" ಎಂದಳು.

ಎದ್ದೆ. ಮೆಟ್ಟಿಲಿಳಿದು ನಿಧಾನಕ್ಕೆ ನಡೆದೆ. ಗೇಟಿನ ಕೊಂಡಿ ಹಿಡಿದು ಸ್ವಲ್ಪ ನಿಂತೆ. ಹಿಂದೆ ಒಳಗಿನಿಂದ ಫ್ರಿಜ್ಜಿನ ಬಾಗಿಲು ತೆರೆದ ಸದ್ದು, ಆಮೇಲೆ ಮುಚ್ಚಿದ ಸದ್ದು ಕೇಳಿತು.